ಅಣ್ಣನ ಗಂಟಲೂ ಆ ಇಂಗ್ಲಿಷ್ ಕ್ಯಾಸೆಟ್ಟೂ

ನಮ್ಮಣ್ಣ ಬಂಗಾರಪೇಟೆಯ ಮಂಡಿಯಲ್ಲಿ ಟೊಮೇಟೊ ಹರಾಜು ಕೂಗುವವನು. ನೋಡಿ, ಕೈ ಹಳೆಯ ರೂಢಿಯಲ್ಲೇ ಬರೆದುಬಿಟ್ಟಿತು. ಕೂಗುತ್ತಿದ್ದವನು.

ಅವನದು ದಪ್ಪ ಗಂಟಲು. ಬರೀ ದಪ್ಪವಲ್ಲ, ನೆಲದೊಳಗಿನಿಂದ ಎದ್ದು ಬಂದಂಥದ್ದು. ಕ್ರೇಟುಗಳ ಸಾಲಿನ ಆ ತುದಿಯಲ್ಲಿ ಅವನು ಬಾಯಿ ತೆರೆದರೆ ಗೇಟಿನ ಹೊರಗೆ ಟೀ ಕುಡಿಯುತ್ತಾ ನಿಂತ ರೈತನಿಗೆ ತನ್ನ ಮಾಲಿನ ಹಣೆಬರಹ ಏನಾಯಿತೆಂದು ಗೊತ್ತಾಗುತ್ತಿತ್ತು. ಕನ್ನಡದಲ್ಲಿ ಶುರು ಮಾಡಿ, ಆಂಧ್ರದ ಲಾರಿಯವರ ಕಡೆ ತಿರುಗಿ ತೆಲುಗಿಗೆ ಹೊರಳಿ, ತಮಿಳಿನಲ್ಲಿ ಮುಗಿಸುತ್ತಿದ್ದ. ಮೂರು ಭಾಷೆಗೂ ಒಂದೇ ತಾಳ. ಆ ತಾಳ ಎಲ್ಲಿಯದೆಂದು ಮಂಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾವು ಚಿಕ್ಕವರಿದ್ದಾಗ ದನದ ಕೊಟ್ಟಿಗೆಯಲ್ಲಿ ಕೇಳುತ್ತಿದ್ದ ಒಂದು ಇಂಗ್ಲಿಷ್ ಕ್ಯಾಸೆಟ್ಟಿನ ಮೂರನೇ ಹಾಡಿನದು ಅದು.

ಹೋದ ವರ್ಷ ಆ ಗಂಟಲು ಕಟ್ಟಿತು. ಮಂಡಿಯ ಧೂಳು ಎಂದುಕೊಂಡೆವು. ಅತ್ತಿಗೆ ಮೆಣಸಿನ ಕಷಾಯ ಕೊಟ್ಟಳು, ಅಮ್ಮ ಉಪ್ಪುನೀರು ಮುಕ್ಕಳಿಸು ಎಂದಳು, ನಾನು ಬೀಡಿ ಬಿಡು ಎಂದು ಬೈದೆ. ಕಷಾಯ ಕುಡಿದ, ಮುಕ್ಕಳಿಸಿದ, ಬೀಡಿ ಬಿಡಲಿಲ್ಲ. ತಿಂಗಳುಗಟ್ಟಲೆ ಹೀಗೇ ದೂಡಿದ ಮೇಲೆ ಉಗುಳಿನಲ್ಲಿ ರಕ್ತ ಕಂಡಿತು. ಆಗ ಬೆಂಗಳೂರಿನ ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಡಾಕ್ಟರು ಒಳ್ಳೆಯವರು. ಮುಖ ಆಚೆ ತಿರುಗಿಸದೆ ಹೇಳಿದರು. ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ, ಬೆಳೆದುಬಿಟ್ಟಿದೆ, ಪೆಟ್ಟಿಗೆಯನ್ನೇ ತೆಗೆಯಬೇಕು. ತೆಗೆದರೆ ಜೀವ ಉಳಿಯುತ್ತದೆ. ಕುತ್ತಿಗೆಯಲ್ಲಿ ಒಂದು ತೂತು ಮಾಡುತ್ತಾರೆ, ಇನ್ನು ಮುಂದೆ ಉಸಿರು ಅಲ್ಲಿಂದಲೇ. "ಮಾತು?" ಎಂದು ಕೇಳಿದವಳು ನಾನು. ಆಮೇಲೆ ಒಂದು ಯಂತ್ರ ಹಿಡಿದುಕೊಂಡು ಮಾತಾಡುವ ಅಭ್ಯಾಸ ಮಾಡಿಸಬಹುದಂತೆ, ಆದರೆ ಈಗಿನ ಧ್ವನಿ ಇರುವುದಿಲ್ಲವಂತೆ. ಅಣ್ಣ ಅವರ ಮೇಜಿನ ಮೇಲಿದ್ದ ಪ್ಲಾಸ್ಟಿಕ್ಕಿನ ಗಂಟಲನ್ನೇ ನೋಡುತ್ತಾ ಕೂತಿದ್ದ. ಬರುವ ಸೋಮವಾರ ಭರ್ತಿಯಾಗಿ ಎಂದರು.

ಸಂಜೆಯ ಪ್ಯಾಸೆಂಜರಿನಲ್ಲಿ ಕಿಟಕಿ ಪಕ್ಕ ಸಿಕ್ಕಿತು. ಮಾಲೂರು ದಾಟಿದ ಮೇಲೆ ಅಣ್ಣ, ಹಿಂದಿನ ದಿನ ಬಿಟ್ಟ ಮಾತನ್ನು ಮುಂದುವರಿಸುವವನ ಹಾಗೆ ಕೇಳಿದ.

"ಆ ಕ್ಯಾಸೆಟ್ಟು ಎಲ್ಲೈತೆ ಕಣಮ್ಮ?"

ಯಾವ ಕ್ಯಾಸೆಟ್ಟು ಎಂದು ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ 'ಆ ಕ್ಯಾಸೆಟ್ಟು' ಎಂದರೆ ಒಂದೇ.

"ಯಾಕಣ್ಣ ಈಗ?"

"ಆಪ್ರೇಸನ್‌ಗೆ ಮುಂಚೆ ಒಂದ್ ಕಿತ ಅದ್ರ ಜೊತೆ ಪದ ಏಳ್ಬೇಕು. ಪೂರ್ತಿ. ನೀನು ಪೋನ್ನಾಗೆ ಹಿಡ್ಕಾ. ನಾಳೀಕೆ ನನ್ ಗಂಟ್ಲು ಎಂಗಿತ್ತು ಅಂತ ನಂಗೇ ಮರ್ತೋಯ್ತದೆ."

"ಬರೀ ಬಾಯಾಗೆ ಏಳು. ಈಗ್ಲೇ ಹಿಡ್ಕಂತೀನಿ."

"ಅದಿಲ್ದೆ ನಂಗೆ ಬರಾಕಿಲ್ಲ."

ಆ ಮಾತು ನಿಜ. ಒಂದೆರಡು ಸಾಲು ಗುನುಗುವುದು ಬಿಟ್ಟರೆ, ಟೇಪಿನ ಜೊತೆಯಿಲ್ಲದೆ ಅವನು ಹಾಡಿದ್ದನ್ನು ನಾನು ಕೇಳಿಯೇ ಇಲ್ಲ. ಸೋಮವಾರದೊಳಗೆ ಆ ಕ್ಯಾಸೆಟ್ಟು ಹುಡುಕಬೇಕಾಯಿತು. ಡಾಕ್ಟರು ಮಾಡುವುದನ್ನು ತಡೆಯಲು ನನ್ನ ಕೈಲಾಗದು, ಇದಾದರೂ ಆಗುತ್ತದೆ ಎಂದುಕೊಂಡೆ.

ಆ ಬ್ಯಾಂಡಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ತಕ್ಷಣ ಫೋನಿನಲ್ಲಿ ಹಾಕಿ ಕೇಳುತ್ತೀರಿ, ಇದೇನಾ ಎನ್ನುತ್ತೀರಿ. ನೀವು ಕೇಳುವುದು ನಾವು ಕೇಳಿದ್ದಲ್ಲ. ಯಾಕೆಂದು ಮುಂದೆ ಗೊತ್ತಾಗುತ್ತದೆ. ಸದ್ಯಕ್ಕೆ, ಹೊರದೇಶದ ನಾಲ್ಕು ಜನ, ಗಿಟಾರು, ಡ್ರಮ್ಮು, ಭುಜದ ಕೆಳಗಿಳಿದ ಕೂದಲು ಎಂದುಕೊಂಡರೆ ಸಾಕು.

ನಮ್ಮಪ್ಪ ಕೋರಮಂಡಲ್‌ನಲ್ಲಿ ಕೆಜಿಎಫ್ ಚಿನ್ನದ ಗಣಿಯ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ನಮ್ಮೂರು ಬಂಗಾರಪೇಟೆಯ ಹತ್ತಿರ. ಕೋಳಿ ಕೂಗುವ ಮೊದಲೇ ಎದ್ದು, ಟಾರ್ಚು ಹಿಡಿದು, ಹೊಲದ ಬದುವಿನ ಮೇಲೆ ನಡೆದು ಸ್ಟೇಷನ್ನಿಗೆ ಹೋಗಿ ಗಾಡಿ ಹಿಡಿಯುತ್ತಿದ್ದ. ಅಣ್ಣ ಕೆಜಿಎಫ್‌ನ ಕಾಲೇಜಿಗೆ ಸೇರಿದ ಮೇಲೆ ಅವನೂ ಅದೇ ಹಾದಿಯ ಮುಂದಿನ ಗಾಡಿಗೆ. ಕಾಲೇಜಿನಲ್ಲಿ ಅವನ ಪಕ್ಕ ಕೂರುತ್ತಿದ್ದವನು ಕೋರಮಂಡಲ್‌ನ ಲೈನು ಮನೆಯ, ಅಂದರೆ ಗಣಿ ಕೂಲಿಗಳ ಸಾಲುಮನೆಯ, ತಮಿಳು ಹುಡುಗ. ಆ ಲೈನುಗಳಲ್ಲಿ ಗಿಟಾರು ಹಿಡಿಯದ ಮನೆ ಕಡಿಮೆ. ಕ್ರಿಸ್‌ಮಸ್ಸಿಗೆ ಚರ್ಚಿನಲ್ಲಿ ನುಡಿಸುವವರೇ ಆಮೇಲೆ ಕ್ಲಬ್ಬಿನಲ್ಲಿ ಕಿರುಚುತ್ತಿದ್ದರು. ಆ ಗೆಳೆಯನ ಮನೆಯಲ್ಲಿ ಈ ಬ್ಯಾಂಡಿನ ಆಲ್ಬಮ್ ಇತ್ತು. ಅವನು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಅಣ್ಣನಿಗೆ ಒಂದು ಕೊಟ್ಟ, ತನಗೊಂದು ಇಟ್ಟುಕೊಂಡ. ಜೊತೆಗೆ ಕವರಿನ ಜೆರಾಕ್ಸು. ಜೆರಾಕ್ಸಿನಲ್ಲಿ ನಾಲ್ವರ ಮುಖವೂ ಮಸಿಯಾಗಿತ್ತು. ಹಾಡುವವನು ಯಾರು ಎಂದು ನಾನೂ ಅಣ್ಣನೂ ಜಗಳವಾಡಿ, ಕೊನೆಗೆ ಎಲ್ಲರಿಗಿಂತ ಎತ್ತರಕ್ಕೆ, ದಪ್ಪಗೆ ಇದ್ದವನೇ ಎಂದು ತೀರ್ಮಾನ ಮಾಡಿದೆವು. ಅಂಥ ಗಂಟಲು ಸಣಕಲನಿಗೆ ಎಲ್ಲಿಂದ ಬರಬೇಕು?

ಟೇಪ್ ರೆಕಾರ್ಡರು ತಂದವನು ಅಪ್ಪ, ಭಜನೆ ಕೇಳಲು. ಇಂಗ್ಲಿಷ್ ಹಾಡು ಮನೆಯೊಳಗೆ ಬೇಡ ಎಂದ. "ಒಟ್ಟೆಗಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಊವು" ಎಂದೂ ಅಂದ. ಹಾಗಾಗಿ ನಮ್ಮ ಬ್ಯಾಂಡು ಕೊಟ್ಟಿಗೆಗೆ ಹೋಯಿತು. ಸಂಜೆ ನಾನು ಹಾಲು ಕರೆಯುವ ಹೊತ್ತಿಗೆ ಅಣ್ಣ ಹುಲ್ಲಿನ ಮೆದೆಗೆ ಒರಗಿ ಟೇಪು ಹಾಕುತ್ತಿದ್ದ. ಕೋಣನ ಮುಂದೆ ಕಿನ್ನರಿ ಎಂದು ಗಾದೆ ಮಾಡಿದವನು ನಮ್ಮ ಸೀಮೆಹಸುವನ್ನು ನೋಡಿರಲಿಲ್ಲ. ಸ್ವಲ್ಪ ದಿನಕ್ಕೇ ಅದಕ್ಕೆ ಎಂಥ ರೂಢಿಯಾಯಿತೆಂದರೆ ಟೇಪು ಹಾಕದಿದ್ದರೆ ಹಾಲು ಇಳಿಸುತ್ತಿರಲಿಲ್ಲ. ಅಮ್ಮನೇ ಅಂಗಳದಿಂದ ಕೂಗುತ್ತಿದ್ದಳು, "ಆ ಗೊಗ್ಗರು ಗಂಟ್ಲೋನ್ನ ಆಕಪ್ಪೋ, ಹಸ ಒದೀತೈತೆ!"

ಆ ಹಾಡುವವನು ಏನು ಹೇಳುತ್ತಾನೋ ನಮಗೆ ತಿಳಿಯದು. ತಿಳಿಯಬೇಕೆಂದು ಅನಿಸಿಯೂ ಇರಲಿಲ್ಲ. ನನಗಾಗ ಹದಿಮೂರೋ ಹದಿನಾಲ್ಕೋ. ಕೆಚ್ಚಲಿಗೆ ಹಣೆ ಒತ್ತಿಕೊಂಡು ಕೂತಿದ್ದಾಗ ಆ ದಪ್ಪ ಗಂಟಲು ನಿಧಾನವಾಗಿ ಏಳುವುದು. ಎದೆಯೊಳಗೆ ಯಾರೋ ಭಾರದ ಬಾಗಿಲು ತಳ್ಳಿದಂತಾಗುತ್ತಿತ್ತು. ಸಗಣಿ, ಹುಲ್ಲು, ನೊಣ ಎಲ್ಲ ಅಲ್ಲೇ ಇದ್ದರೂ ನಾನು ಅಲ್ಲಿ ಇರುತ್ತಿರಲಿಲ್ಲ. ಅಷ್ಟು ಸಂತೋಷವನ್ನು ಆಮೇಲೆ ನಾನು ಪಟ್ಟಿಲ್ಲ. ಮದುವೆಯ ದಿನವೂ ಇಲ್ಲ. ನನ್ನ ಗಂಡ ಇದನ್ನು ಓದಿದರೆ ಓದಲಿ.

ಅಣ್ಣನಿಗೆ ಕೇಳಿದರೆ ಸಾಲದು, ಹಾಡಬೇಕು. ಅವನದು ಆಗ ಎಲ್ಲ ಹುಡುಗರ ಹಾಗೆ ಸಾಧಾರಣ ಗಂಟಲು. ಕ್ಯಾಸೆಟ್ಟಿನವನಷ್ಟು ಕೆಳಗೆ ಇಳಿಯುತ್ತಿರಲಿಲ್ಲ. ಗಲ್ಲವನ್ನು ಎದೆಗೆ ಒತ್ತಿ ಇಳಿಸಿದ. ಖಾಲಿ ಹಂಡೆಯೊಳಗೆ ತಲೆಯಿಟ್ಟು ಇಳಿಸಿದ. ಅಮ್ಮ ಒಮ್ಮೆ ನೀರು ತುಂಬಲು ಬಂದು, ಹಂಡೆ ಮಾತಾಡುವುದನ್ನು ಕೇಳಿ ಕೊಡ ಕೆಡವಿದ್ದಳು. ವರ್ಷ ತುಂಬುವುದರೊಳಗೆ ಅವನ ಗಂಟಲು ಇಳಿಯಿತು, ಇಳಿದದ್ದು ಅಲ್ಲೇ ನಿಂತಿತು. ಬೀಗರು ನೆಂಟರೆಲ್ಲ ವಯಸ್ಸಿಗೆ ಬಂದ ಗಂಟಲು ಎಂದುಕೊಂಡರು.

ಇನ್ನು ಟಾರ್ಚಿಗೆ ಹಾಕುವ ಶೆಲ್ಲಿನ ವಿಷಯ ಹೇಳಬೇಕು, ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಗಣಿಯ ಕಾಲೋನಿಗೆ ನಮ್ಮಜ್ಜನ ಕಾಲದಿಂದಲೂ ಕರೆಂಟಿತ್ತು, ಹೋಗುತ್ತಲೂ ಇರಲಿಲ್ಲ. ನಮ್ಮೂರಿಗೆ ಕಂಬ ಬಂದಿತ್ತು, ಕರೆಂಟು ತನಗೆ ಮನಸ್ಸಾದಾಗ ಬರುತ್ತಿತ್ತು. ಒಂದು ದಿನ ಏರಿಳಿದು ಟೇಪಿನೊಳಗೆ ಕರೆಂಟು ಹಿಡಿಯುವ ಭಾಗವನ್ನೇ ಸುಟ್ಟಿತು. ಅಲ್ಲಿಂದ ಮುಂದೆ ಬರೀ ಶೆಲ್ಲು. ಮನೆಗೆ ಹೊಸ ಶೆಲ್ಲು ಬಂದರೆ ಮೊದಲು ಅಪ್ಪನ ಟಾರ್ಚಿಗೆ. ಹಾವು ಚೇಳಿನ ದಾರಿ, ಅದು ಸರಿಯೇ. ಟಾರ್ಚು ಮಂಕಾದ ಮೇಲೆ ಆ ಶೆಲ್ಲುಗಳು ಟೇಪಿಗೆ. ಟೇಪಿನಲ್ಲೂ ಸೋತರೆ ಹೆಂಚಿನ ಮೇಲೆ, ಅಮ್ಮನ ಸಂಡಿಗೆಯ ಪಕ್ಕದಲ್ಲಿ ಬಿಸಿಲಿಗೆ. ಕಾದ ಶೆಲ್ಲು ಇನ್ನೊಂದು ಸಂಜೆ ಬರುತ್ತಿತ್ತು. ಊರಿನ ಎಲ್ಲ ಮನೆಯಲ್ಲೂ ಹೀಗೇ. ಹೊಸ ಶೆಲ್ಲಿನ ಮುಖ ನೋಡುವ ಭಾಗ್ಯ ನಮ್ಮ ಟೇಪಿಗೆ ಒಂದು ಸಲವೂ ಇರಲಿಲ್ಲ.

ಆಮೇಲೆ ಗಣಿ ಮುಚ್ಚಿತು. ಅಪ್ಪ ಮನೆಗೆ ಬಂದು ಕೂತ. ಅಣ್ಣ ಮಂಡಿಗೆ ಕ್ರೇಟು ಎತ್ತಲು ಹೋದವನು, ಕೂಗುವವನು ಬರದ ಒಂದು ಬೆಳಗ್ಗೆ ತಾನೇ ಬಾಯಿ ತೆರೆದ. ಅಷ್ಟೇ, ಅವತ್ತಿನಿಂದ ಅದೇ ಅವನ ಅನ್ನ. ನನ್ನನ್ನು ಪಕ್ಕದೂರಿಗೆ ಕೊಟ್ಟರು. ಅಲ್ಲಿನ ಡೈರಿಯಲ್ಲಿ ಹಾಲು ಅಳೆಯುತ್ತೇನೆ. ಟೇಪು ಅಟ್ಟ ಸೇರಿತು, ಕ್ಯಾಸೆಟ್ಟು ಎಲ್ಲಿ ಹೋಯಿತೋ ಯಾರಿಗೂ ತಿಳಿಯಲಿಲ್ಲ.

ಆಸ್ಪತ್ರೆಯಿಂದ ಬಂದ ಮರುದಿನ ತವರಿನ ಅಟ್ಟವನ್ನೆಲ್ಲ ತಡಕಿದೆ. ಟೇಪು ಸಿಕ್ಕಿತು, ಕ್ಯಾಸೆಟ್ಟಿಲ್ಲ. ಟೇಪನ್ನು ಚೀಲಕ್ಕೆ ಹಾಕಿಕೊಂಡು ಕೋರಮಂಡಲ್ ಗಾಡಿ ಹತ್ತಿದೆ.

ಅಣ್ಣನ ಗೆಳೆಯ ಇನ್ನೂ ಅದೇ ಲೈನು ಮನೆಯಲ್ಲಿದ್ದಾನೆ. ಗಣಿ ಮುಚ್ಚಿದ ಮೇಲೆ ವರ್ಷಗಟ್ಟಲೆ ಬೆಂಗಳೂರಿಗೆ ಗಾಡಿಯಲ್ಲಿ ಹೋಗಿ ಬಂದು ಸೆಕ್ಯೂರಿಟಿ ಕೆಲಸ ಮಾಡಿದ. ಈಗ ಮಂಡಿನೋವು, ಮನೆಯಲ್ಲೇ ಇರುತ್ತಾನೆ. ಬಾಗಿಲಲ್ಲಿ ನನ್ನನ್ನು ನೋಡಿ, "ವಾ ತಂಗಚ್ಚಿ, ವಾ! ಅಣ್ಣ ಎಪ್ಪಡಿ ಇದಾನೆ?" ಎಂದ. ಹೇಳಿದೆ. ಅವನು ಕುರ್ಚಿ ಹಿಡಿದುಕೊಂಡು ಕೂತ.

"ಕ್ಯಾಸೆಟ್ಟೆಲ್ಲ ಯಾಕಮ್ಮಾ, ಎಲ್ಲಾ ಫೋನ್‌ಲೇ ಇದೆ" ಎಂದು ಅವನೇ ಹಾಕಿದ.

ಗಿಟಾರು ಶುರುವಾಯಿತು. ಹೌದು, ಅದೇ, ಆದರೆ ಯಾಕೋ ಅವಸರ. ಆಮೇಲೆ ಹಾಡುವವನು ಬಂದ. ಹೊಸದಾಗಿ ಮೀಸೆ ಚಿಗುರಿದ ಹುಡುಗ ಜಗಳವಾಡಿ ಅಳುವ ಹಾಗೆ, ತೆಳ್ಳನೆಯ, ಎತ್ತರದ ಗಂಟಲು.

"ಅಣ್ಣ, ಇದು ಬೇರೆ ಯಾರೋ ಏಳಿರಾದು" ಎಂದೆ.

"ಇದುದಾನ್ ಪಾಟ್ಟು ತಂಗಚ್ಚಿ. ಇವನೇ ಅವನು."

"ಅಲ್ಲ. ನಮ್ಮನೇಲಿ ಇವನ ಗಂಟ್ಲು ದಪ್ಪ ಇತ್ತು."

ಅವನು ನಕ್ಕ. ಫೋಟೋ ತೋರಿಸಿದ. ಹಾಡುವವನು ನಾಲ್ವರಲ್ಲಿ ಎಲ್ಲರಿಗಿಂತ ಸಣಕಲ. ನಾವು ಆರಿಸಿಕೊಂಡಿದ್ದ ಆಳು ಡ್ರಮ್ಮು ಬಾರಿಸುವವನು. ನನಗೆ ಸಿಟ್ಟು ಬಂತು. ಬೇರೆ ಕ್ಯಾಸೆಟ್ಟೇ ಕೊಟ್ಟಿರಬೇಕು ನೀನು ಎಂದೆ. ಅವನು ನಗುವುದನ್ನು ನಿಲ್ಲಿಸಿ ಕೇಳಿದ.

"ನಿಮ್ ಟೇಪು ಎದ್ರಲ್ಲಿ ಓಡ್ತಿತ್ತು?"

"ಶೆಲ್ಲಲ್ಲಿ."

"ಹೊಸ ಶೆಲ್ಲಾ?"

ಅಪ್ಪನ ಟಾರ್ಚು, ಹೆಂಚು, ಸಂಡಿಗೆ, ಎಲ್ಲ ಕಣ್ಣ ಮುಂದೆ ಬಂತು. ಶಕ್ತಿಯಿಲ್ಲದ ಶೆಲ್ಲು, ತೆವಳುವ ಟೇಪು, ಟೇಪು ತೆವಳಿದಂತೆಲ್ಲ ಕೆಳಗಿಳಿಯುವ ಗಂಟಲು. ನಾವು ಕೇಳಿದ ಆ ದಪ್ಪ ಗಂಟಲಿನವನು ಈ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ಮಾತ್ರ ಇದ್ದ.

"ಗಾಡೀಲಿ ಬರ್ತಾ ನಿಮ್ಮಣ್ಣ ಒಂದೆರಡು ಲೈನ್ ಗುನುಗ್ತಿದ್ದ, ಕೆಳಗ್ ಇಳಿಸಿ" ಎಂದ ಗೆಳೆಯ. "ಅದು ಅವನ್ ಸ್ಟೈಲು ಅಂತ ಅನ್ಕೊಂಡಿದ್ದೆ. ನಲ್ಲಾ ಇರ್ತಿತ್ತು."

ಫೋನಿನಲ್ಲೇ ನಿಧಾನ ಮಾಡಲು ಬರುತ್ತದೆ ಎಂದು ಅವನು ಏನೋ ಒತ್ತಿದ. ಹಾಡುವವನು ಕುಡಿದವನ ಹಾಗೆ ನಾಲಿಗೆ ಎಳೆದ, ಗಂಟಲು ಮಾತ್ರ ಇಳಿಯಲಿಲ್ಲ. ಈಗಿನ ಫೋನುಗಳು ಹಾಗೆಯೇ ಅಂತೆ, ನಿಧಾನ ಮಾಡಿದರೂ ಗಂಟಲು ಕೆಡದಂತೆ ನೋಡಿಕೊಳ್ಳುತ್ತವಂತೆ. ನಮಗೆ ಬೇಕಾಗಿದ್ದದ್ದೇ ಕೆಟ್ಟದ್ದು. ಅದನ್ನು ಯಾರನ್ನು ಕೇಳುವುದು?

ಕೊನೆಗೆ ಅವನು ಮಂಚದ ಕೆಳಗಿನಿಂದ ಒಂದು ಬಿಸ್ಕತ್ತಿನ ಡಬ್ಬಿ ಎಳೆದ. ತನಗೆಂದು ಅಂದು ತುಂಬಿಸಿಟ್ಟುಕೊಂಡಿದ್ದ ಕ್ಯಾಸೆಟ್ಟು ಅದರಲ್ಲಿತ್ತು. ಬೂಷ್ಟು ಹಿಡಿದಿತ್ತು, ಒರೆಸಿ ಪೆನ್ಸಿಲು ತೂರಿಸಿ ಸುತ್ತಿದ. ಇಬ್ಬರೂ ರಾಬರ್ಟ್‌ಸನ್‌ಪೇಟೆಗೆ ಹೋಗಿ ಟೇಪನ್ನು ರಿಪೇರಿಗೆ ಕೊಟ್ಟೆವು. ಒಳಗಿನ ರಬ್ಬರ್ ಬೆಲ್ಟು ಬೆಲ್ಲದ ಪಾಕದ ಹಾಗೆ ಕರಗಿತ್ತು. ಹೊಸದು ಹಾಕಿಸಿಕೊಂಡು, ದೊಡ್ಡ ಶೆಲ್ಲು ಕೊಂಡು, ಶುಕ್ರವಾರ ಮಂಡಿನೋವಿನ ಗೆಳೆಯನನ್ನೂ ಕರೆದುಕೊಂಡು ಊರಿಗೆ ಬಂದೆ.

ಅಣ್ಣನಿಗೆ ಈ ಸಂಗತಿ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಹೇಳಬೇಕಾಗಲೇ ಇಲ್ಲ. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಗೆಳೆಯ ಉತ್ಸಾಹದಿಂದ ಹೊಸ ಶೆಲ್ಲು ತುಂಬಿ ಗುಂಡಿ ಒತ್ತಿಬಿಟ್ಟಿದ್ದ. ಕೊಟ್ಟಿಗೆಯಿಂದ ಆ ತೆಳ್ಳನೆಯ ಹುಡುಗನ ಗಂಟಲು ಬಂತು.

ಅಮ್ಮ ಒಳಗಿನಿಂದ, "ಇದ್ಯಾವನೋ ಬ್ಯಾರೆ. ನಮ್ ಗೊಗ್ಗರೋನ್ನ ಆಕ್ರಪ್ಪ" ಎಂದಳು.

ಅಣ್ಣ ಟೇಪನ್ನೇ ನೋಡುತ್ತಾ ಕೂತಿದ್ದ. ಗೆಳೆಯ ಏನೋ ಹೇಳಲು ಹೋದ, ಅಣ್ಣ ಕೈ ಎತ್ತಿ ತಡೆದ. ಒಂದು ಹಾಡು ಪೂರ್ತಿ ಕೇಳಿದ. ನಮ್ಮಣ್ಣ ದಡ್ಡನಲ್ಲ. ಟೇಪಿನ ಹಿಂಬದಿ ಮುಟ್ಟಿ, "ಒಸಾ ಶೆಲ್ಲಾ?" ಎಂದ. ನಾನು ತಲೆಯಾಡಿಸಿದೆ.

"ಅಂಗಾದ್ರೆ ಇಷ್ಟ್ ವರ್ಸ ನಾನು ಯಾರ್ ಗಂಟ್ಲಾಗೆ ಕೂಗ್ದೆ ಕಣಮ್ಮ?"

ನನ್ನ ಯೋಚನೆ ಬೇರೆಡೆ ಹೋಯಿತು. ಇಲ್ಲದವನ ಗಂಟಲಿಗಾಗಿ ಅಷ್ಟು ವರ್ಷ ತನ್ನದನ್ನು ಒತ್ತಿ ಹಿಡಿದನಲ್ಲ, ಅದೇ ಗಡ್ಡೆಯಾಗಿ ತಿರುಗಿ ಕಚ್ಚಿತೇ?

ಅವನೇ ಎದ್ದ. ಗೆಳೆಯನ ಜೊತೆ ಹೊಸ ಶೆಲ್ಲಿನ ಹಾಡಿಗೆ ದನಿಗೂಡಿಸಲು ನೋಡಿದ. ಅದು ಮೇಲೆ ಓಡುತ್ತಿತ್ತು, ಇವನ ಗಂಟಲು ಏರಲಿಲ್ಲ. ಎರಡು ಸಲ ಪ್ರಯತ್ನಪಟ್ಟು ಬಿಟ್ಟ. "ಇವ್ನು ನಂಗ್ಬೇಡ. ನಮ್ಮೋನೇ ಬೇಕು. ಆ ಶೆಲ್ಲು ತಗ್ದು ಬ್ಯಾಟ್ರಿಗೆ ಆಕು, ಮಂಕಾಗ್ಲಿ" ಎಂದ. ನಮ್ಮ ಕಡೆ ಬ್ಯಾಟ್ರಿ ಎಂದರೆ ಟಾರ್ಚು.

ಶನಿವಾರ ಬೆಳಗಿನಿಂದ ನಮ್ಮ ಮನೆಯಲ್ಲಿ ನಡೆದದ್ದು ಇದು. ಕತ್ತಲ ದಾರಿಗೆಂದು ಗೆಳೆಯ ತಂದಿದ್ದ ತನ್ನ ಸೆಕ್ಯೂರಿಟಿ ಕಾಲದ ಉದ್ದ ಟಾರ್ಚಿಗೆ ಶೆಲ್ಲು ಹಾಕಿ, ಹೊತ್ತಿಸಿ, ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದೆವು. ಹಟ್ಟಿಯೊಳಗೆ ಬಿಸಿಲು, ಬಿಸಿಲಲ್ಲಿ ಟಾರ್ಚು. "ಅಗಲೊತ್ತು ಬ್ಯಾಟ್ರಿ ಬಿಟ್ಕಂಡು ಏನುಡುಕ್ತಾ ಇದೀರೋ?" ಎಂದು ಅಮ್ಮ ಕೇಳಿದಳು. ಅವಳಿಗೆ ಆಪರೇಷನ್ ಎಂದಷ್ಟೇ ಗೊತ್ತು, ಗಂಟಲು ಹೋಗುತ್ತದೆಂದು ಯಾರೂ ಹೇಳಿರಲಿಲ್ಲ. ನಾನು ಆಗಾಗ ಹೋಗಿ ಅಂಗೈ ಅಡ್ಡ ಹಿಡಿದು ಬೆಳಕು ಎಷ್ಟು ಇಳಿಯಿತೆಂದು ನೋಡುತ್ತಿದ್ದೆ. ಒಂದು ಜೀವ ಉಳಿಸಿಕೊಳ್ಳಲು ಹೊರಟ ಮನೆಯವರು ಶೆಲ್ಲಿನ ಜೀವ ತೆಗೆಯುತ್ತಾ ಕೂತಿದ್ದೆವು. ನಗು ಬರುತ್ತಿತ್ತು, ಅದರ ಹಿಂದೆಯೇ ಅಳು.

ಭಾನುವಾರ ಮಧ್ಯಾಹ್ನ ಶೆಲ್ಲು ಟೇಪಿಗೆ ಬಂತು. ಗುಂಡಿ ಒತ್ತಿದೆ. ಗಿಟಾರು ತೂಕಡಿಸುತ್ತಾ ಎದ್ದಿತು, ಅದರ ಹಿಂದೆ ಅವನು ಬಂದ. ಅವನೇ. ದಪ್ಪ, ನಿಧಾನ, ಎದೆಯ ಬಾಗಿಲು ತಳ್ಳುವವನು. ನಾನು ಹುಲ್ಲಿನ ಮೇಲೆ ಕೂತು ಫೋನು ತೆರೆದೆ. ಅಮ್ಮ ಒಳಗಿನಿಂದ, "ಈಗ್ ಬಂದ ನೋಡು" ಎಂದಳು.

ಅಣ್ಣ ಗಲ್ಲವನ್ನು ಎದೆಗೆ ಒತ್ತಿ ಶುರು ಮಾಡಿದ. ರೋಗದ ಗಂಟಲು, ಒಡಕು, ಆದರೂ ಒಂದು ಕಡೆಯೂ ಜಾರಲಿಲ್ಲ. ಟೇಪಿನವನು ಎಳೆದಲ್ಲಿ ಎಳೆದ, ನಿಂತಲ್ಲಿ ನಿಂತ. ನಾನು ಫೋನು ಹಿಡಿದಿದ್ದೆ, ಮೊಣಕೈಯನ್ನು ಮಂಡಿಗೆ ಒತ್ತಿಕೊಂಡಿದ್ದೆ. ಮೂರನೇ ಹಾಡಿನ ನಡುವೆ ಕೆಮ್ಮು ಬಂತು. ಬಾಗಿ ಕೆಮ್ಮಿ, ಬಾಯಿ ಒರೆಸಿಕೊಂಡು, ಬಿಟ್ಟಲ್ಲಿಂದ ಹಿಡಿದ. ಗೆಳೆಯ ಗೋಡೆ ಕಡೆ ಮುಖ ಮಾಡಿ ನಿಂತಿದ್ದ.

ನಾವು ಶೆಲ್ಲನ್ನು ಲೆಕ್ಕ ತಪ್ಪಿ ಸೋಲಿಸಿದ್ದೆವು. ಎರಡನೇ ಬದಿಗೆ ಬಂದಾಗ ಟೇಪು ಇನ್ನೂ ಇಳಿಯಿತು. ನಮ್ಮವನು ನಮ್ಮವನಿಗಿಂತ ಕೆಳಗೆ ಹೋದ. ಅಣ್ಣ ಅವನನ್ನು ಬಿಡದೆ ತಾನೂ ಕೆಳಗೆ ಇಳಿದ, ಇಳಿಯುತ್ತಲೇ ಹೋದ. ಕೊನೆಯ ಹಾಡು ಮುಟ್ಟುವ ಮೊದಲೇ ಟೇಪು ಒಂದು ಸಲ ನರಳಿ ನಿಂತಿತು. ಅಣ್ಣನ ಬಾಯಿ ತೆರೆದೇ ಇತ್ತು. "ಸಾಕ್ಬುಡು" ಎಂದ.

ಸೋಮವಾರ ಭರ್ತಿ ಮಾಡುವಾಗ ಡಾಕ್ಟರನ್ನು ಬೇರೆ ಕರೆದು ಕೇಳಿದೆ, ಗಂಟಲು ದಪ್ಪ ಮಾಡಿಕೊಂಡು ಕೂಗಿ ಕೂಗಿ ಹೀಗಾಯಿತೇ ಎಂದು. "ಬೀಡಿ ಸೇದುತ್ತಿದ್ದರಾ?" ಎಂದರು. ಹೌದೆಂದೆ. "ಮತ್ತೆ?" ಎಂದರು. ಅಷ್ಟಕ್ಕೆ ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳಬೇಕೆಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಒಬ್ಬೊಬ್ಬರನ್ನೇ ನೆನೆದೆ. ಅಪ್ಪನ ಟಾರ್ಚು, ನಮ್ಮೂರಿನ ಕರೆಂಟು, ಮೊದಲೇ ನೆಟ್ಟಗೆ ದಪ್ಪ ಗಂಟಲು ಇಟ್ಟುಕೊಂಡು ಹುಟ್ಟದ ಆ ವಿದೇಶಿ ಸಣಕಲ. ಯಾರ ಮೇಲೂ ಸಿಟ್ಟು ನಿಲ್ಲಲಿಲ್ಲ. ಅಣ್ಣನನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಬಾಗಿಲು ಮುಚ್ಚಿದರು, ನಾನು ಹೊರಗೆ ಕೂತೆ.

ಈಗ ಅಣ್ಣ ಮನೆಯಲ್ಲಿದ್ದಾನೆ. ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತಾನೆ. ಮಂಡಿಯಲ್ಲಿ ಬೇರೆಯವನು ಮೈಕು ಹಿಡಿದು ಕೂಗುತ್ತಾನಂತೆ. ಅಮ್ಮನಿಗೆ ಹೇಳಲೇಬೇಕಾಯಿತು. ಹೇಳಿದ್ದೇವೆ, ಅವಳಿಗೆ ಒಂದೊಂದು ಸಲ ನೆನಪಿರುತ್ತದೆ, ಒಂದೊಂದು ಸಲ ಇಲ್ಲ. ಯಂತ್ರದ ಮಾತು ಕಲಿಸುವ ಕಡೆಗೆ ಅಣ್ಣ ಒಂದು ಸಲ ಹೋಗಿ ಬಂದು ಮತ್ತೆ ಹೋಗಲಿಲ್ಲ.

ಮೊನ್ನೆ ನಾನು ನೋಡಲು ಹೋದಾಗ ನನ್ನ ಫೋನಿನ ಕಡೆ ಬೆರಳು ತೋರಿಸಿದ. ಅಲ್ಲಿಯವರೆಗೆ ಅದನ್ನು ಕೇಳುವ ಧೈರ್ಯ ನನಗಾಗಿರಲಿಲ್ಲ. ಜಗಲಿಯ ಮೇಲೆ ಕೂತು ಹಾಕಿದೆ. ಗಿಟಾರು, ಆಮೇಲೆ ಆ ಗಂಟಲು. ಒಂದೇ ಗಂಟಲು. ನಾನು ಇನ್ನೊಂದಕ್ಕಾಗಿ ಕಾದೆ. ಬರಲಿಲ್ಲ. ಟೇಪಿನವನ ಮೇಲೆ ಇವನು ಎಷ್ಟು ಸರಿಯಾಗಿ ಕೂತಿದ್ದನೆಂದರೆ ಫೋನಿನ ಆ ಸಣ್ಣ ಸ್ಪೀಕರಿನಲ್ಲಿ ಇಬ್ಬರೂ ಸೇರಿ ಒಬ್ಬನಾಗಿದ್ದರು.

"ಇದ್ರಾಗೆ ನಿಂದ್ಯಾವ್ದಣ್ಣ?" ಎಂದು ಕೇಳಿದೆ.

ಅಣ್ಣ ಫೋನನ್ನು ಕಿವಿಗಿಟ್ಟುಕೊಂಡ. ಹುಬ್ಬು ಗಂಟಿಕ್ಕಿ ಕೇಳಿದ. ಒಂದು ಕಡೆ ಬೆರಳೆತ್ತಿದ, ಮತ್ತೆ ಇಳಿಸಿದ. ಎರಡು ಹಾಡು ಕೇಳಿ, ಅಂಗೈ ತಿರುವಿ ತೋರಿಸಿದ. ಅವನಿಗೂ ಗೊತ್ತಾಗಲಿಲ್ಲ. ನಾನು ನಿಲ್ಲಿಸಲು ಹೋದೆ, ಕೈ ಹಿಡಿದು ತಡೆದ.

ಮೂರನೇ ಹಾಡಿನ ನಡುವೆ ಕೆಮ್ಮು ಬಂತು. ಅಣ್ಣ ಎದೆ ತಟ್ಟಿಕೊಂಡ.

ಅದು ಅವನದೇ. ಅದೊಂದು ಮಾತ್ರ ಖಂಡಿತ ಅವನದು. ಈಗ ಅವನು ಕೆಮ್ಮಿದರೂ ಅದು ಬಟ್ಟೆಯ ಹಿಂದಿನ ತೂತಿನಿಂದ ಗಾಳಿಯಾಗಿ ಬರುತ್ತದೆ, ಬಾಯಿಂದ ಏನೂ ಬರುವುದಿಲ್ಲ. ಅವನು ಫೋನು ಕಸಿದುಕೊಂಡು ಬೆರಳಿನಿಂದ ಹಿಂದಕ್ಕೆಳೆದ. ಮತ್ತೆ ಕೆಮ್ಮು. ಇನ್ನೊಂದು ಸಲ ಎಳೆದ.

ಒಳಗೆ ಮಲಗಿದ್ದ ಅಮ್ಮ ಎದ್ದಳೆಂದು ಕಾಣುತ್ತದೆ.

"ಎಷ್ಟ್ ಕೆಮ್ತೀಯೋ ಮಗಾ" ಎಂದಳು. "ಒಂದೀಟು ನೀರ್ ಕುಡಿಬಾರ್ದಾ?"

ಅಣ್ಣ ನನ್ನ ಮುಖ ನೋಡಿದ. ನಾನು ಎದ್ದು ಹೋಗಿ ಒಂದು ಲೋಟ ನೀರು ತಂದು ಅವನ ಮುಂದೆ ಇಟ್ಟೆ.